ಡಯಟ್ ಅಡುಗೆ ಪುಸ್ತಕ ಮನೆಗೆ ಬಂದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಆರೋಗ್ಯದ ಅಡುಗೆ ಪುಸ್ತಕ ಕೊಂಡವರು, ಮಕ್ಕಳು ತಂದುಕೊಟ್ಟವರು, ಡಾಕ್ಟರು ಹೇಳಿದರು ಅಂತ ಹುಡುಕಿ ತಂದವರು, ಎಲ್ಲರೂ ಹೆಚ್ಚೂಕಡಿಮೆ ಒಂದೇ ಥರದ ಪ್ರಶ್ನೆ ಕೇಳುತ್ತಾರೆ. ಕೆಲವು ಪಾರ್ಕಿನಲ್ಲಿ ನಡೆಯುವಾಗ ಬಂದವು, ಕೆಲವು ಕಾಗದದಲ್ಲಿ, ಜಾಸ್ತಿ ವಾಟ್ಸ್ಆ್ಯಪ್‌ನಲ್ಲಿ. ಕೇಳಿದವರ ಮಾತಿನಲ್ಲೇ ಪ್ರಶ್ನೆ ಇಟ್ಟಿದ್ದೇನೆ. ಸುಲಭದ್ದು ಮೊದಲು, ಲೆಕ್ಕದ್ದು ಆಮೇಲೆ.

## ಶುರು ಮಾಡುವ ಮುಂಚೆ

ಯಾವ ಪುಸ್ತಕ ತಗೊಳ್ಳಲಿ? ಅಂಗಡೀಲಿ ನೋಡಿದ್ರೆ ಎಲ್ಲದರ ಮೇಲೂ 'ಹೆಲ್ದಿ' ಅಂತಾನೇ ಇದೆ.

ಮುಖಪುಟ ಬಿಡಿ, ಒಳಗೆ ಯಾವುದಾದರೂ ಮೂರು ಅಡುಗೆ ತೆಗೆದು ನೋಡಿ. ಸಾಮಾನಿಗೆ ಗ್ರಾಂ ಲೆಕ್ಕ ಇದೆಯಾ? ಎಷ್ಟು ಜನಕ್ಕೆ ಅಂತ ಬರೆದಿದೆಯಾ? ಒಬ್ಬರ ಪಾಲಿಗೆ ಎಷ್ಟು ಕ್ಯಾಲೊರಿ, ಎಷ್ಟು ಪ್ರೋಟೀನ್ ಅಂತ ಕೊಟ್ಟಿದೆಯಾ? ಈ ಮೂರೂ ಇದ್ದರೆ ಪುಸ್ತಕ ಕೆಲಸಕ್ಕೆ ಬರುತ್ತದೆ. 'ಬೇಕಾದಷ್ಟು ಎಣ್ಣೆ' ಅಂತ ಬರೆಯುವ ಡಯಟ್ ಪುಸ್ತಕಕ್ಕೆ ದುಡ್ಡು ಕೊಡಬೇಡಿ. ಹದಿನೈದು ದಿನದಲ್ಲಿ ಇಷ್ಟು ಕೆಜಿ ಇಳಿಸುತ್ತೇವೆ ಅನ್ನುವುದನ್ನೂ ಅಲ್ಲೇ ಬಿಟ್ಟು ಬನ್ನಿ.

ಹೊಸದೇ ಬೇಕು ಅಂತೇನಿಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ, ಚರ್ಚ್ ಸ್ಟ್ರೀಟ್‌ನಲ್ಲಿ ಹಳೇ ಪುಸ್ತಕ ಸಿಗುತ್ತವೆ. ಕೊಳ್ಳುವ ಮುಂಚೆ ಕೂತು ಓದಬೇಕು ಅನ್ನುವವರಿಗೆ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯ ಇದೆ.

ಅದರಲ್ಲಿ ಹೇಳಿದ ಹಾಗೇ ಮಾಡಬೇಕಾ? ನಮಗೆ ಕಣ್ಣಳತೆ ಚೆನ್ನಾಗಿದೆ.

ಮೊದಲ ಸಲ ಹೇಳಿದ ಹಾಗೇ ಮಾಡಿ. ಎರಡನೇ ಸಲ ನಿಮ್ಮ ಇಷ್ಟ. ಸೊಪ್ಪು, ಈರುಳ್ಳಿ, ಕೊತ್ತಂಬರಿಗೆ ಕಣ್ಣಳತೆ ಸಾಕು, ಒಂದು ಹಿಡಿ ಜಾಸ್ತಿ ಬಿದ್ದರೆ ಒಳ್ಳೆಯದೇ. ಎಣ್ಣೆಗೆ ಮಾತ್ರ ಕಣ್ಣಳತೆ ನಡೆಯುವುದಿಲ್ಲ. ಒಂದು ಟೇಬಲ್ ಚಮಚ ಎಣ್ಣೆ ಸುಮಾರು 120 ಕ್ಯಾಲೊರಿ. ಕ್ಯಾನಿನಿಂದ ನೇರ ಬಾಣಲೆಗೆ ಬಗ್ಗಿಸುವವರ ಕೈಯಲ್ಲಿ ಎರಡು ಚಮಚ ಹೆಚ್ಚಿಗೆ ಬೀಳುವುದು ಗೊತ್ತೇ ಆಗಲ್ಲ. ಡಯಟ್ ಪುಸ್ತಕದಿಂದ ನಿಜವಾಗಿ ಕಲಿಯಬೇಕಾದ್ದು ಈ ಪ್ರಮಾಣವನ್ನೇ. ಅಡುಗೆ ಮಾಡುವುದು ನಿಮಗೆ ಆಗಲೇ ಗೊತ್ತು.

ದಿನಕ್ಕೆ ಏನು ಎಷ್ಟು ತಿನ್ನಬೇಕು? ಒಂದೊಂದು ಪುಸ್ತಕ ಒಂದೊಂದು ಹೇಳುತ್ತೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊಸ ಮಾರ್ಗಸೂಚಿ ಕೊಟ್ಟಿದೆ. ನಾನು ಅದನ್ನೇ ಫ್ರಿಜ್ ಬಾಗಿಲಿಗೆ ಅಂಟಿಸಿಕೊಂಡಿದ್ದೇನೆ. ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಅದರ ಲೆಕ್ಕ ಹೀಗಿದೆ: ಅಕ್ಕಿ, ರಾಗಿ, ಗೋಧಿಯಂಥ ಧಾನ್ಯ ಎಲ್ಲ ಸೇರಿ 250 ಗ್ರಾಂ, ತರಕಾರಿ ಮತ್ತು ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಬೇಳೆಕಾಳು ಅಥವಾ ಮೊಟ್ಟೆ-ಮಾಂಸ 85 ಗ್ರಾಂ, ಹಾಲು-ಮೊಸರು 300 ಎಂಎಲ್, ಕಡಲೆಕಾಯಿ-ಎಳ್ಳಿನಂಥ ಬೀಜ 35 ಗ್ರಾಂ, ಎಣ್ಣೆ-ತುಪ್ಪ 27 ಗ್ರಾಂ. ಧಾನ್ಯ, ಬೇಳೆ ಎಲ್ಲ ಬೇಯಿಸುವ ಮುಂಚಿನ ತೂಕ.

ಧಾನ್ಯದ ಲೆಕ್ಕ ನಾವು ಸಲೀಸಾಗಿ ದಾಟುತ್ತೇವೆ. ಎಡವುವುದು ತರಕಾರಿಯಲ್ಲಿ. ನಾಲ್ಕು ಜನರ ಮನೆಗೆ ದಿನಕ್ಕೆ 1.6 ಕೆಜಿ ಬೇಕು. ನಿಮ್ಮ ಮನೆಗೆ ವಾರಕ್ಕೆ ಬರುವ ತರಕಾರಿ ಚೀಲವನ್ನು ಒಮ್ಮೆ ತೂಕ ಹಾಕಿ ನೋಡಿ. ಹುಳಿಯಲ್ಲಿ ತೇಲುವ ನಾಲ್ಕು ಬೀನ್ಸ್ ತುಂಡು ಲೆಕ್ಕಕ್ಕೆ ಬರುವುದಿಲ್ಲ. ಆಲೂಗಡ್ಡೆಯನ್ನೂ ತರಕಾರಿ ಅಂತ ಎಣಿಸಿಕೊಳ್ಳಬೇಡಿ.

## ಅಳತೆ, ತೂಕ

ಒಂದು ಕಪ್ ಅಂದ್ರೆ ಯಾವ ಕಪ್? ಕಾಫಿ ಕಪ್ಪಾ?

ಅಲ್ಲ. ಅಮೆರಿಕದ ಪುಸ್ತಕವಾದರೆ ಸುಮಾರು 240 ಎಂಎಲ್, ಮೆಟ್ರಿಕ್ ಕಪ್ ಆದರೆ 250 ಎಂಎಲ್. ರೈಸ್ ಕುಕ್ಕರ್ ಜೊತೆ ಬರುವ ಪ್ಲಾಸ್ಟಿಕ್ ಕಪ್ ಸಾಮಾನ್ಯವಾಗಿ 180 ಎಂಎಲ್, ಅದರಲ್ಲಿ ಅಳೆದರೆ ಎಲ್ಲ ಕೆಡುತ್ತದೆ. ಟೀ ಚಮಚ 5 ಎಂಎಲ್, ಟೇಬಲ್ ಚಮಚ 15 ಎಂಎಲ್. ಆಸ್ಟ್ರೇಲಿಯಾದ ಪುಸ್ತಕದಲ್ಲಿ ಮಾತ್ರ ಟೇಬಲ್ ಚಮಚ 20 ಎಂಎಲ್. ಇಷ್ಟೆಲ್ಲ ನೆನಪಿಡುವ ಬದಲು ಒಂದು ಸಣ್ಣ ಡಿಜಿಟಲ್ ತಕ್ಕಡಿ ತನ್ನಿ. ಬ್ಲೆಂಡರ್, ಏರ್ ಫ್ರೈಯರ್ ಎಲ್ಲಕ್ಕಿಂತ ಮುಂಚೆ ಬರಬೇಕಾದ್ದು ಅದು.

100 ಗ್ರಾಂ ಅಕ್ಕಿ ಅಂತಿದೆ. ಅಕ್ಕಿನಾ, ಅನ್ನನಾ?

ಸಾಮಾನಿನ ಪಟ್ಟಿಯಲ್ಲಿ ಬೇರೆ ಏನೂ ಹೇಳದಿದ್ದರೆ ಹಸಿ ತೂಕ, ಅಂದರೆ ಅಕ್ಕಿ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ. ಬೆಂದ ಮೇಲೆ ಅದೇ 250ರಿಂದ 300 ಗ್ರಾಂ ಅನ್ನ ಆಗುತ್ತದೆ, ಕ್ಯಾಲೊರಿ ಅಷ್ಟೇ. ಹಾಗಾಗಿ ನೂರು ಗ್ರಾಂ ಅನ್ನಕ್ಕೆ 120-140 ಬರುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ಲೆಕ್ಕ ಬರೆಯುವವರು ಇಲ್ಲೇ ಮೂರು ಪಟ್ಟು ತಪ್ಪುತ್ತಾರೆ.

ನಾಲ್ಕು ಜನಕ್ಕೆ ಅಂತ ಬರೆದಿದ್ದು ನಮ್ಮನೇಲಿ ಇಬ್ಬರಿಗೂ ಸಾಲಲ್ಲ!

ಈ ಪ್ರಶ್ನೆ ಕೇಳದವರೇ ಇಲ್ಲ. ಹೊರದೇಶದ ಪುಸ್ತಕದ ಒಂದು ಪಾಲು ಅಂದರೆ ಪಕ್ಕದಲ್ಲಿ ಸಲಾಡ್, ಬ್ರೆಡ್ಡು ಇನ್ನೇನೋ ಇರುತ್ತದೆ ಅಂತ ಇಟ್ಟುಕೊಂಡಿರುತ್ತಾರೆ. ನಾವು ಅದೊಂದನ್ನೇ ತಟ್ಟೆಗೆ ಹಾಕಿಕೊಂಡು ಕಾಯುತ್ತೇವೆ. ಹಸಿವಾದರೆ ಜೊತೆಗೆ ಒಂದು ದೊಡ್ಡ ಬಟ್ಟಲು ಸೌತೆಕಾಯಿ ಕೋಸಂಬರಿ ಮಾಡಿ, ಮಜ್ಜಿಗೆ ಇಡಿ. ಅಡುಗೆಯನ್ನೇ ಹೆಚ್ಚಿಸಬೇಕಾದರೆ ತರಕಾರಿ ಎರಡರಷ್ಟು ಮಾಡಿ, ಧಾನ್ಯ ಇದ್ದಷ್ಟೇ ಇರಲಿ. ಉಪ್ಪು, ಖಾರ, ನೀರು ಎರಡರಷ್ಟು ಸುರಿಯಬೇಡಿ. ಒಂದೂವರೆಯಿಂದ ಶುರು ಮಾಡಿ ರುಚಿ ನೋಡಿ.

## ಪೇಟೆಯಲ್ಲಿ

ಕಿನೋವಾ, ಕೇಲ್, ಜುಕಿನಿ, ಚಿಯಾ... ಇವೆಲ್ಲ ತರಲೇಬೇಕಾ? ಬಿಲ್ ನೋಡಿ ನಮ್ಮ ಯಜಮಾನರು ಗಾಬರಿ ಆದ್ರು.

ಬೇಡ. ಆ ಅಡುಗೆಯಲ್ಲಿ ಆ ಸಾಮಾನು ಏನು ಕೆಲಸ ಮಾಡುತ್ತಿದೆ ಅಂತ ನೋಡಿದರೆ ಬದಲಿ ತಾನಾಗಿ ಹೊಳೆಯುತ್ತದೆ. ಉದುರುದುರಾಗಿ ಬೇಯುವ ಕಾಳು ಬೇಕಿದ್ದರೆ ಕಿನೋವಾ ಜಾಗಕ್ಕೆ ನವಣೆ, ಸಾಮೆ, ಊದಲು ಯಾವುದೂ ಆದೀತು. ಪ್ರೋಟೀನ್ ತುಸು ಕಡಿಮೆ, ಅದನ್ನು ಒಂದು ಹಿಡಿ ಮೊಳಕೆ ಹೆಸರುಕಾಳು ತುಂಬುತ್ತದೆ. ಜುಕಿನಿ ನೀರಿನಂಶದ ಮೆತ್ತನೆ ತರಕಾರಿ. ಅದಕ್ಕೆ ಸೋರೆ, ಹೀರೆ, ಸೀಮೆಬದನೆ ಇವೆ. ಕೇಲ್ ಹಾಕಿ ಸೂಪ್ ಅಂದರೆ ನುಗ್ಗೆ ಸೊಪ್ಪು ಅಥವಾ ದಂಟಿನ ಸೊಪ್ಪು ಹಾಕಿ. ಹಸಿ ಸಲಾಡ್ ಆದರೆ ನುಗ್ಗೆ ಸೊಪ್ಪು ಬೇಡ, ಎಳೆ ಎಲೆಕೋಸು ಸಣ್ಣಗೆ ಹೆಚ್ಚಿಕೊಳ್ಳಿ.

ಚಿಯಾ ನೀರಲ್ಲಿ ಉಬ್ಬಲಿ ಅಂತ ಹಾಕಿದ್ದರೆ ಕಾಮಕಸ್ತೂರಿ ಬೀಜ ಸಾಕು. ಒಮೆಗಾ-3 ಸಿಗಲಿ ಅಂತ ಹಾಕಿದ್ದರೆ ಅಗಸೆ ಬೀಜ ಹುರಿದು ಪುಡಿ ಮಾಡಿ. ಇಡೀ ಬೀಜ ಅಗಿಯದೆ ನುಂಗಿದರೆ ಹಾಗೇ ಆಚೆ ಹೋಗುತ್ತದೆ. ಗ್ರೀಕ್ ಯೋಗರ್ಟ್ ಬದಲು ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಫ್ರಿಜ್‌ನಲ್ಲಿ ನೀರು ಬಸಿದುಕೊಳ್ಳಿ. ಇಳಿದ ನೀರನ್ನು ಚೆಲ್ಲಬೇಡಿ, ಚಪಾತಿ ಹಿಟ್ಟಿಗೆ ಆಗುತ್ತದೆ. ಆಲಿವ್ ಎಣ್ಣೆ ಜಾಗದಲ್ಲಿ ಕಡಲೆಕಾಯಿ ಎಣ್ಣೆ ಚೆನ್ನಾಗಿಯೇ ಇರುತ್ತದೆ. ಆವಕಾಡೊ ಮಾತ್ರ ನಮಗೆ ಪರಕೀಯವಲ್ಲ. ಕೊಡಗಿನ ಬೆಣ್ಣೆಹಣ್ಣು ಮಳೆಗಾಲದಲ್ಲಿ ಇಲ್ಲಿಗೂ ಬರುತ್ತದೆ. ವಿದೇಶದಿಂದ ಬಂದ ಪುಟಾಣಿ ಹಣ್ಣಿಗೆ ದುಬಾರಿ ದುಡ್ಡು ಕೊಡುವುದು ಯಾಕೆ?

ಬದಲಿಸಲಾಗದ್ದು ಬ್ರೆಡ್ಡು, ಕೇಕಿನಂಥದ್ದು. ಗೋಧಿಯ ಜಿಗುಟು ರಾಗಿ ಹಿಟ್ಟಿಗಿಲ್ಲ. ಪೂರ್ತಿ ರಾಗಿ ಹಾಕಿದರೆ ಉಬ್ಬುವುದೂ ಇಲ್ಲ, ಹಿಡಿದುಕೊಳ್ಳುವುದೂ ಇಲ್ಲ.

ಸೊಪ್ಪು ತರಕಾರಿ ಎಲ್ಲಿ ತರೋದು? ಆ್ಯಪ್‌ನಲ್ಲಿ ತರಿಸಿದ್ರೆ ಸಾಲದಾ?

ಸಾಲುತ್ತದೆ, ಆದರೆ ಆ್ಯಪ್ ವರ್ಷವಿಡೀ ಅದೇ ಹತ್ತು ತರಕಾರಿ ತೋರಿಸುತ್ತದೆ. ಗಾಂಧಿ ಬಜಾರಿಗೋ ಮಲ್ಲೇಶ್ವರದ 8ನೇ ಕ್ರಾಸಿಗೋ ಬೆಳಗ್ಗೆ ಒಮ್ಮೆ ಹೋಗಿ ಬನ್ನಿ. ಹೊನಗೊನ್ನೆ, ಚಕ್ಕೋತ, ಸಬ್ಬಸಿಗೆ, ಬೆರಕೆ ಸೊಪ್ಪು ಕಣ್ಣಿಗೆ ಬೀಳುತ್ತವೆ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಂಘವಾಗಿ ಶುರುವಾದ ಹಾಪ್‌ಕಾಮ್ಸ್ ಮಳಿಗೆ ಹತ್ತಿರ ಇದ್ದರೆ ಹಣ್ಣಿಗೆ ಅದು ಒಳ್ಳೆಯದು. ಜಾಸ್ತಿ ಬೇಕು, ಚೌಕಾಸಿ ಮಾಡಲು ಬರುತ್ತದೆ ಅನ್ನುವವರು ಕೆ.ಆರ್. ಮಾರ್ಕೆಟ್ಟಿಗೆ ಹೋಗಿ.

ಪುಸ್ತಕದಲ್ಲಿ 'ಹಸಿ ಬಟಾಣಿ', 'ಎಡಮಾಮೆ' (ಹಸಿ ಸೋಯಾಕಾಳು) ಅಂತ ಕಂಡ ಕಡೆಯಲ್ಲೆಲ್ಲ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಅವರೆಕಾಳು ಹಾಕಿ. ಮಾಗಡಿ ಕಡೆಯ ಸೊಗಡವರೆ ಬಂದಾಗ ಡಯಟ್ ಮಾಡುವುದು ಅಷ್ಟೇನೂ ಕಷ್ಟವಲ್ಲ. ಕಾರ್ತಿಕದಲ್ಲಿ ಬಸವನಗುಡಿ ಪರಿಷೆಯಿಂದ ತಂದ ಹಸಿ ಕಡಲೆಕಾಯಿ ಬೇಯಿಸಿ ತಿನ್ನಿ, ಸಂಜೆಯ ತಿಂಡಿ ಮುಗಿಯಿತು.

ಸಿರಿಧಾನ್ಯ ಎಷ್ಟು ಬೇಕಾದ್ರೂ ತಿನ್ನಬಹುದು, ಶುಗರ್ ಬರಲ್ಲ ಅಂತಾರಲ್ಲ?

ಎಷ್ಟು ಬೇಕಾದರೂ ತಿನ್ನಬಹುದಾದ ಧಾನ್ಯ ಇನ್ನೂ ಹುಟ್ಟಿಲ್ಲ. ಕ್ಯಾಲೊರಿಯಲ್ಲಿ ಸಿರಿಧಾನ್ಯಕ್ಕೂ ಅಕ್ಕಿಗೂ ದೊಡ್ಡ ವ್ಯತ್ಯಾಸವಿಲ್ಲ. ಲಾಭ ಇರುವುದು ನಾರಿನಂಶದಲ್ಲಿ, ಖನಿಜದಲ್ಲಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬಿಳಿ ಅಕ್ಕಿಯಲ್ಲಿ ಹತ್ತನ್ನೂ ದಾಟುವುದಿಲ್ಲ. ಆದರೆ 2023 ಸಿರಿಧಾನ್ಯ ವರ್ಷ ಅಂತ ಆದಮೇಲೆ ಅಂಗಡಿ ತುಂಬ ಸಿರಿಧಾನ್ಯದ ಬಿಸ್ಕತ್ತು, ನೂಡಲ್ಸ್ ಬಂದಿವೆ. ಪ್ಯಾಕೆಟ್ ಹಿಂದೆ ಓದಿ, ಅರ್ಧಕ್ಕರ್ಧ ಮೈದಾ ಇದ್ದೀತು.

ಹೇಗೆ ಬೇಯಿಸುತ್ತೀರಿ ಅನ್ನುವುದೂ ಮುಖ್ಯ. ನುಣ್ಣಗಿನ ಹಿಟ್ಟಿನ ತೆಳು ಗಂಜಿ ಬೇಗ ಜೀರ್ಣವಾಗಿ ಶುಗರ್ ಬೇಗ ಏರಿಸುತ್ತದೆ. ಪಾಲಿಶ್ ಕಡಿಮೆ ಇರುವ ನವಣೆ ಅನ್ನ ನಿಧಾನ. ನವಣೆಯನ್ನು ಒಂದೆರಡು ಗಂಟೆ ನೆನೆಸಿ, ಒಂದಕ್ಕೆ ಎರಡೂವರೆ ನೀರಿಟ್ಟು ಬೇಯಿಸಿ. ನೆನೆಸದೆ ಮಾಡಿ 'ಗಂಟಲಲ್ಲಿ ಇಳಿಯಲ್ಲ' ಅಂದರೆ ಅದು ನವಣೆಯ ತಪ್ಪಲ್ಲ.

## ಒಲೆಯ ಮೇಲೆ

ಅರ್ಧ ಅಡುಗೆಗೆ ಅವನ್ ಬೇಕು. ನಮ್ಮನೇಲಿ ಇಲ್ಲ.

ತರಕಾರಿ ರೋಸ್ಟ್ ಮಾಡಿ ಅಂದರೆ ದಪ್ಪ ತಳದ ಬಾಣಲೆ ಚೆನ್ನಾಗಿ ಕಾಯಿಸಿ, ಒಂದು ಚಮಚ ಎಣ್ಣೆ ಸವರಿ, ತುಂಡುಗಳನ್ನು ಒತ್ತಾಗಿ ತುಂಬದೆ ಹರಡಿ. ಒತ್ತಾಗಿ ತುಂಬಿದರೆ ಬೇಯುತ್ತವೆ, ಕೆಂಪಗಾಗುವುದಿಲ್ಲ. ಕಟ್ಲೆಟ್, ಕೋಫ್ತಾ ಥರದ್ದಕ್ಕೆಲ್ಲ ಪಡ್ಡಿನ ಕಾವಲಿ ಇದೆ. ಸ್ಟೀಮರ್ ಅಂದರೆ ಇಡ್ಲಿ ಪಾತ್ರೆ. ಅವನ್ ಇರುವವರಿಗೆ ಒಂದು ಮಾತು: ಅಮೆರಿಕದ ಪುಸ್ತಕ ಫ್ಯಾರನ್‌ಹೀಟ್ ಹೇಳುತ್ತದೆ. ಅದರ 350 ಅಂದರೆ ನಮ್ಮ 180, 400 ಅಂದರೆ 200 ಡಿಗ್ರಿ.

ಪುಸ್ತಕ ಹೇಳಿದ ಟೈಮಿಗೆ ಕಾಳು ಬೇಯೋದೇ ಇಲ್ಲ. ಯಾಕೆ?

ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿ ನೀರು 100 ಡಿಗ್ರಿಗಲ್ಲ, ಸುಮಾರು 97ಕ್ಕೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಕಾಳಿಗೆ ಸ್ವಲ್ಪ ಜಾಸ್ತಿ ಹೊತ್ತು ಬೇಕು. ಬೋರ್‌ವೆಲ್ ನೀರು ಗಡಸಾಗಿದ್ದರೆ ಇನ್ನೂ ನಿಧಾನ. ಟೊಮೆಟೊ, ಹುಣಸೆಹಣ್ಣು ಮೊದಲೇ ಹಾಕಿದರಂತೂ ಕಾಳು ಗಟ್ಟಿಯಾಗಿಯೇ ಉಳಿಯುತ್ತದೆ. ಹುಳಿ ಯಾವಾಗಲೂ ಬೆಂದ ಮೇಲೆ.

ಕುಕ್ಕರಿಗೆ ಈ ತೊಂದರೆ ಅಷ್ಟಾಗಿ ಇಲ್ಲ. ಸ್ಲೋ ಕುಕ್ಕರ್ (ಕಡಿಮೆ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟ್ ಪಾತ್ರೆ) ಅಡುಗೆ ಇರುವ ಪುಸ್ತಕದಲ್ಲಿ ಮಾತ್ರ ರಾಜ್ಮಾ ಕಂಡರೆ ಹುಷಾರು. ಅರೆಬೆಂದ ರಾಜ್ಮಾ ವಾಂತಿ, ಭೇದಿ ತರಿಸುತ್ತದೆ. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಸಿದ ಮೇಲೆಯೇ ಸ್ಲೋ ಕುಕ್ಕರಿಗೆ ಹಾಕಿ.

ಎಣ್ಣೆ ಕಡಿಮೆ ಮಾಡಿದ್ರೆ ರುಚಿನೇ ಇರಲ್ಲ. ಏನು ಮಾಡೋದು?

ಎಣ್ಣೆ ಎಲ್ಲಿ ಹಾಕುತ್ತೀರಿ ಅನ್ನುವುದನ್ನು ಬದಲಾಯಿಸಿ. ಈರುಳ್ಳಿ ಬಾಡಿಸಲು ಮೂರು ಚಮಚ ಹಾಕಿದರೆ ಆ ಎಣ್ಣೆಯ ರುಚಿ ಅಡುಗೆಯ ಒಳಗೆ ಕಳೆದುಹೋಗುತ್ತದೆ. ಅದರ ಬದಲು ಈರುಳ್ಳಿಗೆ ಚಿಟಿಕೆ ಉಪ್ಪು ಹಾಕಿ, ಮುಚ್ಚಳ ಮುಚ್ಚಿ, ಅದರ ನೀರಲ್ಲೇ ಬಾಡಿಸಿ. ಕೊನೆಯಲ್ಲಿ ಒಂದೇ ಟೀ ಚಮಚ ಎಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವು, ಜಜ್ಜಿದ ಬೆಳ್ಳುಳ್ಳಿ ಒಗ್ಗರಣೆ ಕೊಡಿ. ಘಮ ಮೇಲೆಯೇ ನಿಲ್ಲುತ್ತದೆ. ಹುಣಸೆ, ನಿಂಬೆ, ಹುರಿದ ಜೀರಿಗೆ-ಮೆಣಸಿನ ಪುಡಿ ಇವೂ ಎಣ್ಣೆ ಇಲ್ಲದ ಕೊರತೆ ಮುಚ್ಚುತ್ತವೆ. ಉಪ್ಸಾರು, ಮಸ್ಸೊಪ್ಪು ನೋಡಿ, ಎಣ್ಣೆ ಇದ್ದರೂ ಒಗ್ಗರಣೆಗೆ ಒಂದಿಷ್ಟು. ಯಾವ ಡಯಟ್ ಪುಸ್ತಕವೂ ಅವನ್ನು ತಿದ್ದಬೇಕಾಗಿಲ್ಲ.

ದಿನದಿನದ ಚಮಚ ಎಣಿಸುವುದು ಬೇಜಾರು ಅಂದರೆ ತಿಂಗಳ ಲೆಕ್ಕ ಇಡಿ. ದಿನಕ್ಕೆ 27 ಗ್ರಾಂನಂತೆ ಒಬ್ಬರಿಗೆ ತಿಂಗಳಿಗೆ 810 ಗ್ರಾಂ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಅಂದರೆ ನಾಲ್ಕು ಜನಕ್ಕೆ ಮೂರೂವರೆ ಲೀಟರ್, ತುಪ್ಪ ಬೆಣ್ಣೆ ಎಲ್ಲ ಸೇರಿ. ಹೋಟೆಲಿನ ಮಸಾಲೆದೋಸೆ ಈ ಲೆಕ್ಕಕ್ಕೆ ಬರದೇ ಹೊಟ್ಟೆಗೆ ಬರುತ್ತದೆ, ಅದನ್ನೂ ನೆನಪಿಡಿ.

ಉಪ್ಪು ಎಷ್ಟು? ಲೋ ಸೋಡಿಯಂ ಉಪ್ಪು ತರಲಾ?

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತದೆ. ಅದು ಒಂದು ಟೀ ಚಮಚವೂ ತುಂಬುವುದಿಲ್ಲ, ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ಎಲ್ಲ ಅದರಲ್ಲೇ ಬರಬೇಕು. ಸೋಡಿಯಂ ಕಡಿಮೆ ಇರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರು, ಬಿಪಿ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಅದನ್ನು ತರಬೇಡಿ.

ಸಕ್ಕರೆ ಬದಲು ಬೆಲ್ಲ ಹಾಕಿದ್ರೆ ಆಯ್ತಲ್ವಾ?

ಇಲ್ಲ. ಕ್ಯಾಲೊರಿ ಹತ್ತಿರ ಹತ್ತಿರ ಅಷ್ಟೇ. ರುಚಿಗೆ ಬೆಲ್ಲ ಹಾಕಿ, ಶುಗರಿಗೆ ಒಳ್ಳೆಯದು ಅಂತ ಹಾಕಬೇಡಿ.

## ಮನೆಮಂದಿಯ ಜೊತೆ

ನನಗೊಂದು ಅಡುಗೆ, ಅವರಿಗೊಂದು ಅಡುಗೆ. ಸಾಕಾಗಿದೆ ಅಕ್ಕಾ. ಅತ್ತೆ ಬೇರೆ 'ಇದೇನು ಆಸ್ಪತ್ರೆ ಊಟ' ಅಂತಾರೆ.

ಎರಡು ಅಡುಗೆ ಮಾಡುವ ಡಯಟ್ ಒಂದು ತಿಂಗಳೂ ಉಳಿಯುವುದಿಲ್ಲ, ನಿಲ್ಲಿಸಿ ಬಿಡಮ್ಮ. ಒಂದೇ ಅಡುಗೆ ಮಾಡು, ಬಡಿಸುವ ಪ್ರಮಾಣ ಬದಲಿಸು. ನಿನ್ನ ತಟ್ಟೆಗೆ ಮೊದಲು ಪಲ್ಯ, ಕೋಸಂಬರಿ, ಆಮೇಲೆ ಗಟ್ಟಿ ಬೇಳೆ, ಕೊನೆಗೆ ಅನ್ನ. ಅವರಿಗೆ ಅನ್ನ ಮೊದಲೇ ಬೀಳಲಿ. ತುಪ್ಪ, ಹಪ್ಪಳ, ಒಗ್ಗರಣೆ ಮೆಣಸಿನಕಾಯಿ ಮೇಜಿನ ಮೇಲೆ ಬೇರೆ ಇರಲಿ, ಬೇಕಾದವರು ಹಾಕಿಕೊಳ್ಳಲಿ.

ಅತ್ತೆಯವರ ಮಾತಿನಲ್ಲಿ ಅರ್ಧ ನಿಜ ಇದೆ. ಪುಸ್ತಕದ 'ಬ್ರಾಕೊಲಿ ಸೂಪ್' ಅವರ ಊಟ ಅಲ್ಲ. ಅವರನ್ನೇ ಬಸ್ಸಾರು ಮಾಡಲು ಕೇಳು. ಹೊಸ ಅಡುಗೆ ಏನಿದ್ದರೂ ವಾರಕ್ಕೊಂದು ಸಾಕು, ಅದೂ ರಾತ್ರಿ ಊಟಕ್ಕೆ ಬೇಡ, ಸಂಜೆ ತಿಂಡಿಗೆ ಇಡು. ಡಯಟ್ ಅಂತ ಹೆಸರು ಹೇಳದೆ ಬಡಿಸಿದರೆ ಇನ್ನೂ ಒಳ್ಳೆಯದು.

ಭಾನುವಾರವೇ ವಾರದ್ದೆಲ್ಲ ಮಾಡಿಡಿ ಅಂತ ಪುಸ್ತಕ ಹೇಳುತ್ತೆ. ತಂಗಳು ತಿನ್ನೋದಾ?

ಔಟರ್ ರಿಂಗ್ ರೋಡಿನ ಟ್ರಾಫಿಕ್ ದಾಟಿ ರಾತ್ರಿ ಎಂಟಕ್ಕೆ ಮನೆಗೆ ಬರುವವರ ಕಷ್ಟ ಗೊತ್ತು. ಆದರೂ ಪೂರ್ತಿ ಅಡುಗೆ ಮಾಡಿಡುವ ಬದಲು ಅರ್ಧ ಕೆಲಸ ಮಾಡಿಡಿ. ಕಾಳು ಬೇಯಿಸಿ ಫ್ರೀಜರ್‌ಗೆ, ಸೊಪ್ಪು ಬಿಡಿಸಿ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ಗೆ, ಸಾರಿನ ಪುಡಿ, ಹುರಿದ ಅಗಸೆ ಪುಡಿ ಡಬ್ಬಕ್ಕೆ. ಮೊಳಕೆಕಾಳನ್ನು ಹಸಿಯಾಗಿ ತಿನ್ನುವ ಬದಲು ಇಡ್ಲಿ ಪಾತ್ರೆಯಲ್ಲಿ ಹಬೆಗೆ ಇಟ್ಟು ತಿನ್ನುವುದು ಕ್ಷೇಮ. ಮೊಳಕೆ ಬರುವ ಬೆಚ್ಚನೆ ತೇವದಲ್ಲೇ ಬ್ಯಾಕ್ಟೀರಿಯಾ ಕೂಡ ಬೆಳೆಯುತ್ತದೆ. ಅನ್ನವನ್ನು ಮಾತ್ರ ರಾತ್ರಿಯಿಡೀ ಹೊರಗೆ ಬಿಡಬೇಡಿ. ಎರಡು ಗಂಟೆಯೊಳಗೆ ಆರಿಸಿ ಫ್ರಿಜ್‌ಗೆ ಇಡಿ, ಮಾರನೇ ದಿನ ಹೊಗೆಯಾಡುವಷ್ಟು ಬಿಸಿ ಮಾಡಿ ಮುಗಿಸಿ. ಅನ್ನದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

## ಇನ್ನೂ ಆಳಕ್ಕೆ

ದಿನಾ ಸಾರು ಅನ್ನ ತಿಂತೀವಿ, ಅದರಲ್ಲಿ ಬೇಳೆ ಇದೆಯಲ್ಲ. ಪ್ರೋಟೀನ್ ಸಾಕಲ್ವಾ?

ಕುಕ್ಕರಿಗೆ ಹಾಕುವ ಮುಂಚೆ ಬೇಳೆ ತೂಕ ಮಾಡಿ. ತಿಳಿಸಾರಿನಲ್ಲಿ ಒಬ್ಬರ ಪಾಲಿಗೆ 15 ಗ್ರಾಂ ಬೇಳೆ ಬಿದ್ದರೆ ಹೆಚ್ಚು. ಅದರ ಪ್ರೋಟೀನ್ ಮೂರು ಗ್ರಾಂ ಚಿಲ್ಲರೆ. ಆರೋಗ್ಯವಾಗಿರುವ ದೊಡ್ಡವರಿಗೆ ದೇಹದ ತೂಕದ ಕೆಜಿಗೆ 0.83 ಗ್ರಾಂ ಅನ್ನುವುದು ನಮ್ಮ ದೇಶದ ಲೆಕ್ಕ. ಅರವತ್ತು ಕೆಜಿಯವರಿಗೆ 50 ಗ್ರಾಂ ಆಯಿತು. ಧಾನ್ಯದಿಂದ 20 ಗ್ರಾಂ ಹತ್ತಿರ ಬರುತ್ತದೆ. ಉಳಿದದ್ದಕ್ಕೆ ಗಟ್ಟಿ ಹುಳಿ, ಕಾಳುಪಲ್ಯ, ಮೊಸರು, ಮೊಟ್ಟೆ ಅಥವಾ ಮೀನು ಬೇಕು. ಸಾರು ಬಿಡಬೇಕಿಲ್ಲ, ಜೊತೆಗೆ ಒಂದು ಉಸಲಿ ಮಾಡಿ.

ಊಟ ಆದ ತಕ್ಷಣ ಕಾಫಿ ಕುಡಿದ್ರೆ ಏನಾಗುತ್ತೆ?

ಸೊಪ್ಪು, ಕಾಳಿನ ಕಬ್ಬಿಣದ ಅಂಶ ಮೈಗೆ ಹತ್ತುವುದನ್ನು ಕಾಫಿ, ಟೀ ಎರಡೂ ತಡೆಯುತ್ತವೆ. ಫಿಲ್ಟರ್ ಕಾಫಿ ಬಿಡಿ ಅಂತ ಬೆಂಗಳೂರಿನವರಿಗೆ ಹೇಳುವ ಧೈರ್ಯ ನನಗಿಲ್ಲ. ಒಂದು ಗಂಟೆ ತಡೆದು ಕುಡಿಯಿರಿ. ಊಟದಲ್ಲಿ ನಿಂಬೆರಸ ಇದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ.

ಶುಗರ್ ಮಾತ್ರೆ ತಗೊಳ್ತೀನಿ. ಪುಸ್ತಕದ ಪ್ಲಾನ್ ನಾಳೆಯಿಂದಲೇ ಶುರು ಮಾಡಲಾ?

ಡಾಕ್ಟರಿಗೆ ತೋರಿಸಿ ಶುರು ಮಾಡಿ. ಅನ್ನ ಮುದ್ದೆ ಒಮ್ಮೆಲೇ ಇಳಿಸಿ, ಮಾತ್ರೆ ಇನ್ಸುಲಿನ್ ಅಷ್ಟೇ ಇಟ್ಟರೆ ಶುಗರ್ ತೀರಾ ಇಳಿದು ತಲೆಸುತ್ತು, ಬೆವರು, ನಡುಕ ಬರಬಹುದು. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪನ್ನು ಇದ್ದಕ್ಕಿದ್ದಂತೆ ಹೆಚ್ಚಿಸಬಾರದು, ಅದರ ವಿಟಮಿನ್ ಕೆ ಮಾತ್ರೆಯ ಕೆಲಸ ಕುಗ್ಗಿಸುತ್ತದೆ. ಕಿಡ್ನಿ ಕಾಯಿಲೆ ಇದ್ದರೆ ಹೆಚ್ಚು ಪ್ರೋಟೀನ್ ಪುಸ್ತಕ ಮುಟ್ಟಬೇಡಿ. ಬೆಳಗ್ಗೆ ಸೋರೆಕಾಯಿ ಜ್ಯೂಸ್ ಕುಡಿಯಿರಿ ಅಂತ ಇದ್ದರೆ ಮೊದಲು ಒಂದು ಚೂರು ನಾಲಿಗೆಗೆ ಇಟ್ಟು ನೋಡಿ. ಕಹಿ ಇದ್ದರೆ ಇಡೀ ಕಾಯಿ ಕಸಕ್ಕೆ. ಕಹಿ ಸೋರೆಯ ರಸದಿಂದ ಜೀವ ಹೋಗಿದ್ದೂ ಉಂಟು.

ನಮ್ಮ ಬಸ್ಸಾರು ಯಾವ ಪುಸ್ತಕದಲ್ಲೂ ಇಲ್ಲ. ಅದರ ಕ್ಯಾಲೊರಿ ಹೇಗೆ ಲೆಕ್ಕ ಹಾಕೋದು?

ಹಸಿ ಸಾಮಾನು ಒಂದೊಂದಾಗಿ ತೂಗಿ ಬರೆದುಕೊಳ್ಳಿ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದಲ್ಲಿ ನಮ್ಮ ಸೊಪ್ಪು, ಬೇಳೆ, ಧಾನ್ಯಗಳ ಅಂಕಿ ಇದೆ. ನಾಲ್ಕು ಜನಕ್ಕೆ ಲೆಕ್ಕ ಹೀಗೆ ಬರುತ್ತದೆ: ತೊಗರಿಬೇಳೆ 100 ಗ್ರಾಂ, ಸುಮಾರು 330 ಕ್ಯಾಲೊರಿ. ದಂಟಿನ ಸೊಪ್ಪು 400 ಗ್ರಾಂ, 130ರ ಆಸುಪಾಸು. ಹಸಿ ತೆಂಗಿನಕಾಯಿ ತುರಿ 50 ಗ್ರಾಂ, 205. ಎರಡು ಟೀ ಚಮಚ ಎಣ್ಣೆ, 80. ಈರುಳ್ಳಿ, ಬೆಳ್ಳುಳ್ಳಿ, ಹುಣಸೆ, ಮಸಾಲೆ ಎಲ್ಲ ಸೇರಿ 50-60. ಒಟ್ಟು 800. ಬಸಿದ ಸಾರು, ಮೇಲಿನ ಪಲ್ಯ ಎರಡೂ ಸೇರಿ ತಲೆಗೆ 200.

ಎಲ್ಲರೂ ಸಮ ತಿನ್ನುವುದಿಲ್ಲ ಅಂದರೆ ಖಾಲಿ ಪಾತ್ರೆಯ ತೂಕ ಮೊದಲೇ ಬರೆದಿಟ್ಟುಕೊಳ್ಳಿ. ಅಡುಗೆ ಆದಮೇಲೆ ಪಾತ್ರೆ ಸಮೇತ ತೂಗಿ, ಪಾತ್ರೆಯದ್ದು ಕಳೆಯಿರಿ. ಸಾರಿನ ಪಾತ್ರೆ, ಪಲ್ಯದ ಪಾತ್ರೆ ಬೇರೆ ಬೇರೆ ತೂಗಿ, ಬೇಳೆ ಸೊಪ್ಪು ಹೆಚ್ಚಾಗಿ ಪಲ್ಯಕ್ಕೇ ಹೋಗುವುದರಿಂದ ಲೆಕ್ಕದಲ್ಲೂ ಅದಕ್ಕೆ ದೊಡ್ಡ ಪಾಲು ಕೊಡಿ. ನಾಲ್ಕೈದು ಖಾಯಂ ಅಡುಗೆಗೆ ಒಮ್ಮೆ ಹೀಗೆ ಬರೆದಿಟ್ಟರೆ ಸಾಕು, ದಿನಾ ತೂಗಬೇಕಾಗಿಲ್ಲ.

ಈ ಲೆಕ್ಕ ನೋಡಿದವರು ತಕ್ಷಣ ಕಾಯಿಗೆ ಕೈ ಹಾಕುತ್ತಾರೆ. ಕಾಯಿ ಅರ್ಧ ಮಾಡಿದರೆ ತಲೆಗೆ ಉಳಿಯುವುದು 25 ಕ್ಯಾಲೊರಿ. ಅಷ್ಟಕ್ಕೆ ಬಸ್ಸಾರು ಕೆಡಿಸಲು ನನಗೆ ಮನಸ್ಸಿಲ್ಲ. ಜೊತೆಗಿನ ಮುದ್ದೆಯನ್ನು ಸ್ವಲ್ಪ ಚಿಕ್ಕದಾಗಿ ಕಟ್ಟುತ್ತೇನೆ. ಹತ್ತು ಗ್ರಾಂ ರಾಗಿ ಹಿಟ್ಟು ಕಮ್ಮಿ ಆದರೆ ಅದಕ್ಕಿಂತ ಜಾಸ್ತಿಯೇ ಉಳಿಯುತ್ತದೆ.